ಫಾದರು ವರ್ಗವಾದರೆ ಎಲ್ಲವೂ ವರ್ಗವಾಗಬೇಕಾ?

ಮೊನ್ನೆ ನಮ್ಮ ಫಾದರಿಗೆ ವರ್ಗವಾಯಿತು. ಹೋಗುವವರಿಗೊಂದು ಶಾಲು, ಬರುವವರಿಗೊಂದು ಶಾಲು, ಎರಡು ಭಾಷಣ, ಆಮೇಲೆ ಮಂಡಕ್ಕಿ-ಮಿರ್ಚಿ, ಚಹಾ. ಎಲ್ಲ ಮುಗಿಸಿಕೊಂಡು ಸ್ಕೂಟರ್ ಹತ್ತುವಾಗ ಹೆಂಡತಿ ಕೇಳಿದಳು, "ಅಲ್ರೀ, ಇನ್ನ ಮುಂದ ಹುಡುಗ್ರಿಗೆ ಧರ್ಮೋಪದೇಶ ಯಾರು ಹೇಳಿಕೊಡ್ತಾರ?"

"ಹೊಸಾ ಫಾದರ್ ಏನಂತಾರ ನೋಡೂಣು" ಅಂದೆ.

ಅಂದ ಮೇಲೆ ನನಗೇ ನಾಚಿಕೆಯಾಯಿತು. ಈ ಮಾತನ್ನು ನಾನು ಎಷ್ಟು ವರ್ಷದಿಂದ ಹೇಳುತ್ತಾ ಬಂದಿದ್ದೇನೆ! ಭಾನುವಾರ ಬೈಬಲ್ ವಾಚನ ಯಾರು ಓದಬೇಕು? ಹೊಸ ಫಾದರ್ ಏನಂತಾರ ನೋಡೂಣು. ಹುಡುಗಿಯರು ಪೀಠದ ಹತ್ತಿರ ಸೇವೆಗೆ ನಿಲ್ಲಬಹುದಾ? ನೋಡೂಣು. ಹಬ್ಬದ ಲೆಕ್ಕ ಯಾರು ಬರೀಬೇಕು? ನೋಡೂಣು. ಹೀಗೆ ನೋಡುತ್ತಾ ನೋಡುತ್ತಾ ನಾಲ್ಕೈದು ಫಾದರು ಬಂದರು, ಹೋದರು. ನಾವು ಇದ್ದಲ್ಲೇ ಇದ್ದೇವೆ.

ಇಲ್ಲಿಗೆ ಬರುವ ಗೆಳೆಯರಲ್ಲಿ ಹೆಚ್ಚಿನವರಿಗೆ ಚರ್ಚಿನ ಒಳಗಿನ ವ್ಯವಸ್ಥೆ ಗೊತ್ತಿರಲಿಕ್ಕಿಲ್ಲ. ಹಾಗಾಗಿ ಸ್ವಲ್ಪ ಹಿನ್ನೆಲೆ ಹೇಳಿ ಮುಂದೆ ಹೋಗ್ತೀನಿ. ಬೇಸರ ಮಾಡ್ಕೋಬೇಡಿ.

ಕಥೋಲಿಕರಲ್ಲಿ ಒಂದೂರಿನ ಅಥವಾ ಕೆಲವು ಊರುಗಳ ವಿಶ್ವಾಸಿಗಳು ಸೇರಿದರೆ ಒಂದು ಧರ್ಮಕೇಂದ್ರ. ಅದಕ್ಕೊಬ್ಬರು ಫಾದರ್. ಅಂಥ ಹಲವು ಧರ್ಮಕೇಂದ್ರಗಳು ಸೇರಿ ಒಂದು ಧರ್ಮಕ್ಷೇತ್ರ, ಅದಕ್ಕೊಬ್ಬರು ಬಿಷಪ್. ನಮ್ಮ ಹಾವೇರಿ ಜಿಲ್ಲೆ 1953ರಲ್ಲಿ ಶುರುವಾದ ಬೆಳಗಾವಿ ಧರ್ಮಕ್ಷೇತ್ರಕ್ಕೆ ಸೇರಿದೆ. ರಾಣೆಬೆನ್ನೂರು ದಾಟಿ ತುಂಗಭದ್ರಾ ಹೊಳೆಯ ಆಚೆ ದಂಡೆಗೆ ಹೋದರೆ ಹರಿಹರ. ಅದು ಶಿವಮೊಗ್ಗ ಧರ್ಮಕ್ಷೇತ್ರ. ಹರಿಹರದ ಆರೋಗ್ಯಮಾತೆಯ ದೇವಾಲಯಕ್ಕೆ 2019ರಲ್ಲಿ ಬಸಿಲಿಕ ಅನ್ನುವ ಗೌರವ ಸಿಕ್ಕಿತು. ಸೆಪ್ಟೆಂಬರ್ 8ರ ಹಬ್ಬಕ್ಕೆ ನಮ್ಮ ಕಡೆಯಿಂದಲೂ ಜನ ಹೋಗ್ತಾರೆ, ಜಾತಿ ಧರ್ಮ ಅಂತ ನೋಡದೆ. ಅಲ್ಲಿ ಆ ದಿನ ಜನಸಾಗರ. ಹೊಳೆ ದಾಟಿ ಈಚೆ ಬಂದರೆ ನಾವು ಬೆರಳೆಣಿಕೆ.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ ಒಂದೇ ರೈಲು ಹಳಿಯ ಮೇಲಿನ ಊರುಗಳು. ಹುಬ್ಬಳ್ಳಿಯಿಂದ ಬರುವ ಪ್ಯಾಸೆಂಜರ್ ಹಾವೇರಿ ಬಿಟ್ಟ ಮೇಲೆ ಬ್ಯಾಡಗಿ, ಆಮೇಲೆ ರಾಣೆಬೆನ್ನೂರು. ಒಂದು ಊರಲ್ಲಿ ಜಿಲ್ಲಾ ಕಚೇರಿ, ಇನ್ನೊಂದರಲ್ಲಿ ಮೆಣಸಿನಕಾಯಿ, ಮತ್ತೊಂದರಲ್ಲಿ ಬೀಜದ ವ್ಯಾಪಾರ. ಈ ಊರುಗಳಲ್ಲಿರುವ ಕಥೋಲಿಕರು ಬಹುಪಾಲು ಎಲ್ಲಿಂದಲೋ ಬಂದವರು. ಮಂಗಳೂರು ಕಡೆಯ ಮೇಷ್ಟ್ರು, ಕೇರಳದ ನರ್ಸು, ತಮಿಳು ಮಾತಾಡುವ ರೈಲ್ವೆ ನೌಕರ, ಕುಮಾರಪಟ್ಟಣದ ಕಾರ್ಖಾನೆಗೆ ಕೆಲಸಕ್ಕೆ ಬಂದು ಇಲ್ಲೇ ಉಳಿದವರು, ಜೊತೆಗೆ ಇಲ್ಲಿಯವರೇ ಆದ ಒಂದಿಷ್ಟು ಮನೆಗಳು. ಮನೆಯಲ್ಲಿ ನಾಲ್ಕು ಭಾಷೆ, ಪ್ರಾರ್ಥನೆ ಕನ್ನಡದಲ್ಲಿ. ಬ್ಯಾಂಕಿನವರು, ಶಾಲೆಯವರು ಮೂರು ವರ್ಷಕ್ಕೆ ವರ್ಗವಾಗಿ ಹೋಗ್ತಾರೆ. ಫಾದರೂ ಕೆಲವು ವರ್ಷಕ್ಕೆ ವರ್ಗವಾಗಿ ಹೋಗ್ತಾರೆ. ಉಳಿಯೋದು ಯಾರು?

ಉಳಿದ ಒಬ್ಬರ ಕತೆ ಹೇಳ್ತೀನಿ. ಯಾವ ಊರು, ಯಾವ ಫಾದರ್ ಅಂತ ಹೇಳೋದಿಲ್ಲ. ಹೇಳಿದರೆ ವಿಷಯ ಬಿಟ್ಟು ವ್ಯಕ್ತಿಯ ಹಿಂದೆ ಹೋಗ್ತೀವಿ.

ನಮ್ಮ ಮೂರೂರುಗಳಲ್ಲಿ ಒಂದರಲ್ಲಿ ಒಬ್ಬ ಅಕ್ಕ ಇದ್ದಾರೆ. ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ, ಸಾಲಿ ಹುಡುಗರ ಯೂನಿಫಾರ್ಮ್ ಹೊಲೀತಾರೆ. ಓದಿದ್ದು ಎಸ್ಸೆಸ್ಸೆಲ್ಸಿ. ಅವರ ಊರಿಗೆ ಫಾದರ್ ಪ್ರತಿ ಭಾನುವಾರ ಬರಲಿಕ್ಕೆ ಆಗುತ್ತಿರಲಿಲ್ಲ. ಹಿಂದಿನ ಫಾದರೊಬ್ಬರು, "ಅಕ್ಕಾರ, ನಾ ಬರದ ಭಾನುವಾರ ನೀವು ಎಲ್ಲಾರನೂ ಕೂಡಿಸಿ ವಾಚನ ಓದಿಸಿ ಪ್ರಾರ್ಥನಾ ಮಾಡಿಸ್ರಿ" ಅಂದಿದ್ದರು. ಅಷ್ಟೇ. ಅವರ ಪಡಸಾಲೆ ಭಾನುವಾರಕ್ಕೊಂದು ಪುಟ್ಟ ಗುಡಿಯಾಯಿತು. ಮಕ್ಕಳಿಗೆ ಧರ್ಮೋಪದೇಶ, ಹೆಂಗಸರಿಗೆ ಜಪಸರ, ಯಾರಾದರೂ ಕಾಯಿಲೆ ಬಿದ್ದರೆ ಫಾದರಿಗೆ ಫೋನು, ಯಾರಾದರೂ ಸತ್ತರೆ ಮೊದಲು ಆ ಮನೆಗೆ ಹೋಗೋದು, ಇವೆಲ್ಲ ಒಂದೊಂದಾಗಿ ಅವರ ಮೇಲೆ ಬಂದವು. ಹನ್ನೊಂದು ವರ್ಷ ಮಾಡಿದರು. ಒಂದು ಪೈಸೆ ತಗೊಂಡಿಲ್ಲ.

2020ರ ಲಾಕ್‌ಡೌನ್‌ನಲ್ಲಿ ದೇವಾಲಯಗಳೆಲ್ಲ ಬಾಗಿಲು ಹಾಕಿದವಲ್ಲ, ಆಗ ದಿನಾ ಸಂಜೆ ಏಳಕ್ಕೆ ಫೋನಿನಲ್ಲೇ ನಾಲ್ಕೈದು ಮನೆ ಸೇರಿಸಿ ಜಪಸರ ಹೇಳಿಸಿದ್ದು ಅವರೇ. ಕೋವಿಡ್ ಬಂದ ಮನೆಯ ಬಾಗಿಲಿಗೆ ಅಕ್ಕಿ ಚೀಲ ಇಟ್ಟು ಬಂದದ್ದೂ ಅವರೇ.

ಆಮೇಲೆ ಫಾದರ್ ಬದಲಾದರು. ಹೊಸಬರು ಕೆಟ್ಟವರಲ್ಲ, ದುಡಿಮೆಗಾರರು. ಆದರೆ ಯಾರೋ ಅವರ ಕಿವಿಯಲ್ಲಿ ಏನೋ ಹಾಕಿದರು. "ಆ ಹೆಣ್ಮಗಳು ಸಣ್ಣ ಫಾದರ್ ಆಗ್ಯಾಳ" ಅಂತ. ಪಾಲನಾ ಸಮಿತಿಯ ಸಭೆಯಲ್ಲಿ ಫಾದರ್ ಹೇಳಿದರು, ಇನ್ನು ಮುಂದೆ ಧರ್ಮೋಪದೇಶವನ್ನು ಸಿಸ್ಟರುಗಳೇ ಬಂದು ಮಾಡ್ತಾರೆ, ಪ್ರಾರ್ಥನೆಗೆ ಎಲ್ಲರೂ ಧರ್ಮಕೇಂದ್ರಕ್ಕೇ ಬರಲಿ. ಐದು ನಿಮಿಷದ ಮಾತು.

ಆ ಸಮಿತಿಯ ಕಾರ್ಯದರ್ಶಿ ನಾನು. ಸಭೆಯ ನಡಾವಳಿ ಬರೆದವನೂ ನಾನೇ. "ಧರ್ಮೋಪದೇಶದ ಜವಾಬ್ದಾರಿಯನ್ನು ಮರುಹಂಚಿಕೆ ಮಾಡಲಾಯಿತು" ಅಂತ ಬರೆದೆ. ಎಷ್ಟು ಚೆಂದದ ವಾಕ್ಯ ನೋಡಿ! ಹನ್ನೊಂದು ವರ್ಷದ ಕೆಲಸ ಒಂದು ಸಾಲಿನಲ್ಲಿ ಮುಗಿಯಿತು. "ಫಾದರ್, ಒಂದ್ಸಲ ಅವರನ್ನ ಕರದು ಕೇಳೂಣಲ್ರಿ" ಅನ್ನುವ ಮಾತು ಗಂಟಲವರೆಗೂ ಬಂದಿತ್ತು. ನುಂಗಿಕೊಂಡೆ. ಆ ಅಕ್ಕನಿಗೆ ಯಾರೂ ಕಾಗದ ಕೊಡಲಿಲ್ಲ, ಯಾರೂ ಕರೆದು ಹೇಳಲಿಲ್ಲ. ಮುಂದಿನ ಭಾನುವಾರ ಯಾರದೋ ಬಾಯಿಂದ ಅವರಿಗೆ ಗೊತ್ತಾಯಿತು.

ಸಿಸ್ಟರುಗಳು ಮೂರು ತಿಂಗಳು ಬಂದರು. ಅವರಿಗೂ ಸಾಲಿ, ಹಾಸ್ಟೆಲ್ಲು ಅಂತ ನೂರೆಂಟು ಕೆಲಸ. ನಿಂತುಹೋಯಿತು. ಬಸ್ಸು ಹತ್ತಿ ಧರ್ಮಕೇಂದ್ರಕ್ಕೆ ಹೋಗೋದು ಕೂಲಿ ಮಾಡುವ ಮನೆಗಳಿಗೆ ಆಗಲಿಲ್ಲ. ಎರಡು ಮನೆಯವರು ಈಗ ಕ್ರಿಸ್‌ಮಸ್‌ಗೆ ಮಾತ್ರ ಕಾಣ್ತಾರೆ.

ನನ್ನ ದೂರು ಆ ಒಬ್ಬ ಫಾದರ್ ಮೇಲೆ ಅಲ್ಲ. ಆ ಅಕ್ಕನಿಗೆ ಕೆಲಸ ಕೊಟ್ಟ ಫಾದರೂ ಬಾಯಿಮಾತಲ್ಲೇ ಕೊಟ್ಟಿದ್ದರು, ಕಿತ್ತುಕೊಂಡವರೂ ಬಾಯಿಮಾತಲ್ಲೇ ಕಿತ್ತುಕೊಂಡರು. ಒಳ್ಳೆಯ ಫಾದರ್ ಬಂದರೆ ಉಪಕಾರ, ಬೇರೆ ಸ್ವಭಾವದವರು ಬಂದರೆ ಇಲ್ಲ. ಬಾಯಿಮಾತಿನ ಮೇಲೆ ನಿಂತ ಸೇವೆ ಎಷ್ಟು ದಿನ ಬಾಳೀತು?

ಈಗ ಕಾನೂನು ಏನು ಹೇಳುತ್ತೆ ನೋಡೋಣ. ಕಥೋಲಿಕ ಧರ್ಮಸಭೆಗೆ ತನ್ನದೇ ಕಾನೂನು ಸಂಹಿತೆ ಇದೆ, ಈಗಿರೋದು 1983ರದ್ದು. ಅದರ 536ನೇ ವಿಧಿ ಪಾಲನಾ ಸಮಿತಿಯ ಬಗ್ಗೆ. ಬಿಷಪ್ಪರು ತಮ್ಮ ಗುರುಗಳ ಮಂಡಳಿಯನ್ನು ಕೇಳಿ, ಸರಿ ಅನ್ನಿಸಿದರೆ ಪ್ರತಿ ಧರ್ಮಕೇಂದ್ರದಲ್ಲೂ ಅಂಥ ಸಮಿತಿ ಮಾಡಬಹುದು. ಅದಕ್ಕೆ ಫಾದರೇ ಅಧ್ಯಕ್ಷರು. ಸಮಿತಿಗಿರೋದು ಸಲಹೆ ಕೊಡುವ ಅಧಿಕಾರ ಮಾತ್ರ. ಆದರೆ 537ನೇ ವಿಧಿಯ ಹಣಕಾಸು ಸಮಿತಿ? ಅದು ಇರಲೇಬೇಕು! ಅಂದರೆ ದುಡ್ಡಿನ ಲೆಕ್ಕಕ್ಕೆ ಸಮಿತಿ ಕಡ್ಡಾಯ, ಜನರ ಪಾಲನೆಗೆ ಸಮಿತಿ ಐಚ್ಛಿಕ. ಮೊದಲ ಸಲ ಓದಿದಾಗ ನಗು ಬಂತು, ಆಮೇಲೆ ಬೇಸರವಾಯಿತು.

ಇನ್ನು ಸೇವೆಗಳ ವಿಷಯ. ಎರಡನೇ ವ್ಯಾಟಿಕನ್ ಮಹಾಸಭೆ ನಡೆದದ್ದು 1962ರಿಂದ 1965ರವರೆಗೆ. ಅದಾದ ಮೇಲೆ ಲ್ಯಾಟಿನ್ ಪೂಜೆ ಕನ್ನಡವಾಯಿತು, ಜನರಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದ ಗುರು ಜನರ ಕಡೆ ತಿರುಗಿದರು. ಜನರೇ ವಾಚನ ಓದತೊಡಗಿದರು. 1972ರಲ್ಲಿ ಪೋಪ್ ಆರನೇ ಪಾಲ್ ಅವರು ವಾಚಕ, ಪೀಠಸೇವಕ ಅನ್ನುವ ಎರಡು ಸೇವೆಗಳನ್ನು ಗುರುವಾಗುವ ಮೆಟ್ಟಿಲು ಅನ್ನುವುದರಿಂದ ಬಿಡಿಸಿ ಸಾಮಾನ್ಯ ವಿಶ್ವಾಸಿಗಳಿಗೂ ತೆರೆದರು. ಆದರೆ ಗಂಡಸರಿಗೆ ಮಾತ್ರ. ಹೆಂಗಸರು ಓದುತ್ತಿದ್ದರು ನಿಜ, ಅದು ತಾತ್ಕಾಲಿಕ ಅನುಮತಿ. ಹುಡುಗಿಯರು ಪೀಠಸೇವೆಗೆ ನಿಲ್ಲಬಹುದು ಅಂತ ರೋಮ್ ಸ್ಪಷ್ಟಪಡಿಸಿದ್ದು 1994ರಲ್ಲಿ. ಅದೂ ಆಯಾ ಬಿಷಪ್ಪರ ಇಚ್ಛೆಗೆ ಬಿಟ್ಟದ್ದು.

ದೊಡ್ಡ ಬದಲಾವಣೆ ಬಂದದ್ದು 2021ರಲ್ಲಿ. ಆ ಜನವರಿಯಲ್ಲಿ ಪೋಪ್ ಫ್ರಾನ್ಸಿಸ್ ಅವರು ಸಂಹಿತೆಯ 230ನೇ ವಿಧಿಯಲ್ಲಿದ್ದ ಗಂಡಸರು ಅನ್ನುವ ಪದವನ್ನೇ ತೆಗೆದರು. ಹೆಂಗಸರೂ ಅಧಿಕೃತವಾಗಿ ವಾಚಕರು, ಪೀಠಸೇವಕರು ಆಗಬಹುದು ಅಂತಾಯಿತು. ಅದೇ ವರ್ಷ ಮೇ ತಿಂಗಳಲ್ಲಿ ಉಪದೇಶಿ ಅನ್ನುವ ಸೇವೆಯನ್ನು, ಅಂದರೆ ಧರ್ಮೋಪದೇಶ ಮಾಡುವವರ ಕೆಲಸವನ್ನು, ಒಂದು ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ಬಿಷಪ್ಪರು ಒಂದು ವಿಧಿಯ ಮೂಲಕ ಅದನ್ನು ಕೊಡಬೇಕು, ಅದು ಸ್ಥಿರವಾದ ಸೇವೆ. ತರಬೇತಿ ಹೇಗಿರಬೇಕು, ಅರ್ಹತೆ ಏನು ಅನ್ನೋದನ್ನು ಆಯಾ ದೇಶದ ಬಿಷಪ್ಪರ ಮಂಡಳಿ ಗೊತ್ತು ಮಾಡಬೇಕು. 2022ರ ಜನವರಿಯಲ್ಲಿ ಪೋಪರೇ ರೋಮಿನಲ್ಲಿ ಹೆಂಗಸರು ಗಂಡಸರು ಇಬ್ಬರಿಗೂ ಈ ಸೇವೆಗಳನ್ನು ಕೊಟ್ಟರು.

ನಮ್ಮ ಹೊಲಿಗೆ ಅಕ್ಕನಿಗೆ ಬೇಕಾಗಿದ್ದುದು ಇದೇ ಅಲ್ಲವಾ? ಇದ್ದದ್ದು ಫಾದರೊಬ್ಬರ ಬಾಯಿಮಾತಿನ ಅನುಮತಿ. ಬೇಕಾಗಿದ್ದುದು ಬಿಷಪ್ಪರು ಜನರೆದುರು ಕೊಟ್ಟ ಹೊಣೆ. ಅದಿದ್ದಿದ್ದರೆ ಐದು ನಿಮಿಷದ ಮಾತಿನಲ್ಲಿ ಮುಗಿಯುತ್ತಿರಲಿಲ್ಲ. ರೋಮ್ ಬಾಗಿಲು ತೆಗೆದು ವರ್ಷಗಳಾದವು. ನಮ್ಮ ಮೂರೂರಿನಲ್ಲಿ ಆ ವಿಧಿ ನಡೆದದ್ದನ್ನು ನಾನಂತೂ ಕಂಡಿಲ್ಲ. ಯಾಕಂದರೆ ನಾವು ಯಾರೂ ಕೇಳಿಲ್ಲ. ಇದು ಮುಖ್ಯ. ನಾವು ಕೇಳಿಲ್ಲ.

ಇದೆಲ್ಲ ಹೊಸ ಕಾಲದ ಗಾಳಿ, ಹಿಂದೆ ಹೀಗಿರಲಿಲ್ಲ ಅನ್ನುವ ಹಿರಿಯರಿದ್ದಾರೆ. ಅವರಿಗೆ ನಾನು ಇತಿಹಾಸ ನೆನಪಿಸ್ತೀನಿ. ಹಳೆಯ ಕಾಲದಲ್ಲೇ ಇದು ಹೆಚ್ಚಿತ್ತು!

1784ರಲ್ಲಿ ಟಿಪ್ಪು ಸುಲ್ತಾನ ಕರಾವಳಿಯ ಕಥೋಲಿಕರನ್ನು ಹಿಡಿಸಿ ಶ್ರೀರಂಗಪಟ್ಟಣಕ್ಕೆ ಒಯ್ದ. ಗುರುಗಳನ್ನು ಹೊರಗಟ್ಟಿದ. 1799ರಲ್ಲಿ ಟಿಪ್ಪು ಸಾಯುವವರೆಗೆ, ಹದಿನೈದು ವರ್ಷ, ಆ ಜನ ಬಹುಮಟ್ಟಿಗೆ ಗುರುಗಳಿಲ್ಲದೆ ಬದುಕಿದರು. ಆಮೇಲೆ ಊರಿಗೆ ವಾಪಸಾದಾಗ ಅವರ ಜೊತೆ ನಂಬಿಕೆಯೂ ವಾಪಸಾಯಿತು. ಹದಿನೈದು ವರ್ಷ ಮಕ್ಕಳಿಗೆ ಪ್ರಾರ್ಥನೆ ಹೇಳಿಕೊಟ್ಟವರು ಯಾರು? ಅಮ್ಮಂದಿರು, ಅಜ್ಜಂದಿರು. ಅದೇ 1784ರಲ್ಲೇ ಭೂಮಿಯ ಆಚೆ ಕಡೆ ಕೊರಿಯಾದಲ್ಲಿ ಇನ್ನೊಂದು ನಡೆಯಿತು. ಯಿ ಸಂಗ್-ಹುನ್ ಅನ್ನುವವನು ಬೀಜಿಂಗ್‌ನಲ್ಲಿ ಜ್ಞಾನಸ್ನಾನ ಪಡೆದು ಊರಿಗೆ ಬಂದು ಗೆಳೆಯರಿಗೆ ಜ್ಞಾನಸ್ನಾನ ಕೊಟ್ಟ. ಕೊರಿಯಾದ ಧರ್ಮಸಭೆ ಹುಟ್ಟಿದ್ದೇ ಹಾಗೆ, ಒಬ್ಬ ವಿದೇಶಿ ಗುರುವೂ ಕಾಲಿಡದೆ, ಪುಸ್ತಕ ಓದಿದ ಗೃಹಸ್ಥರಿಂದ.

ಕರಾವಳಿಯಲ್ಲಿ ವಾಡೆಗೊಬ್ಬ ಗುರಿಕಾರ ಅನ್ನುವ ಪದ್ಧತಿ ಇದೆ. ಕೇರಳದ ಸೈಂಟ್ ಥಾಮಸ್ ಕ್ರೈಸ್ತರಲ್ಲಿ ಪಳ್ಳಿಯೋಗಂ ಅಂತ ಊರಿನ ಮನೆಗಳ ಸಭೆ. ಚರ್ಚಿನ ಆಸ್ತಿ, ಖರ್ಚು ಎಲ್ಲ ಅಲ್ಲಿ ಚರ್ಚೆಯಾಗುತ್ತಿತ್ತು. ಅದರ ಟ್ರಸ್ಟಿಗಳನ್ನು ಕೈಕ್ಕಾರನ್ ಅಂತಾರೆ. ನಮ್ಮಲ್ಲಿರುವ ಕೇರಳದ ಮನೆಯವರು, "ನಮ್ಮೂರಲ್ಲಿ ಯೋಗ ಕೂಡದೆ ಹಂಚು ಕೂಡ ಬದಲಾಗಲ್ಲ" ಅಂತ ನಗ್ತಾರೆ. ಹಳೆಯ ಮಿಶನ್ ಕಾಲದಲ್ಲಿ ಗುರು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಬರುವ ಹಳ್ಳಿಗಳನ್ನು ಹಿಡಿದಿಟ್ಟವರು ಉಪದೇಶಿಗಳು. ರಸ್ತೆ ಆಯಿತು, ಬೈಕು ಬಂತು, ಫಾದರ್ ಬೇಗ ಬರಲಿಕ್ಕೆ ಶುರು ಮಾಡಿದರು, ಉಪದೇಶಿ ಮರೆಯಾದ. ಈಗ ಮತ್ತೆ ಗುರುಗಳು ಕಡಿಮೆ, ಊರು ಜಾಸ್ತಿ. ಆದರೆ ಉಪದೇಶಿ ವಾಪಸ್ ಬಂದಿಲ್ಲ.

ಆಫ್ರಿಕಾದ ಕಾಂಗೋ ದೇಶದ ಕಿನ್ಶಾಸಾದಲ್ಲಿ 1970ರ ದಶಕದಲ್ಲಿ ಕಾರ್ಡಿನಲ್ ಮಲುಲಾ ಅನ್ನುವವರು ಗುರುಗಳು ಸಾಲದಿದ್ದಾಗ ಸಂಸಾರಸ್ಥರನ್ನೇ ತರಬೇತಿ ಕೊಟ್ಟು ಧರ್ಮಕೇಂದ್ರಗಳ ಹೊಣೆಗೆ ನೇಮಿಸಿದರು. ಅವರಿಗೆ ಮೊಕಾಂಬಿ ಅಂತ ಹೆಸರು. ಪೂಜೆ ಅರ್ಪಿಸಲಿಕ್ಕೆ, ಪಾಪನಿವೇದನೆ ಕೇಳಲಿಕ್ಕೆ ಗುರುಗಳೇ ಬರಬೇಕು. ಉಳಿದ ನಡೆಸುವಿಕೆ ಮೊಕಾಂಬಿಯದು. ದೇಶಕ್ಕೆ ದೇಶವೇ ಮುಳುಗಲಿಲ್ಲ, ಧರ್ಮಸಭೆಯೂ ಒಡೆಯಲಿಲ್ಲ.

ಅಷ್ಟು ದೂರ ಯಾಕೆ, ನಮ್ಮ ನೆಲವನ್ನೇ ನೋಡಿ. ಅಂಬಿಗರ ಚೌಡಯ್ಯನ ಐಕ್ಯಸ್ಥಳ ಅಂತ ಜನ ನಂಬುವ ಚೌಡಯ್ಯದಾನಪುರ ಇರೋದು ರಾಣೆಬೆನ್ನೂರು ತಾಲೂಕಿನಲ್ಲಿ. ದೋಣಿ ನಡೆಸುವವನು ಅನುಭವದ ಮಾತಾಡಿದ, ದೊಡ್ಡವರು ಕೇಳಿದರು. ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು, ಅದೇ ತಾಲೂಕಿನ ಶಿಶುನಾಳದ ಷರೀಫರು, ಷರೀಫರಿಗೆ ಗುರುವಾದ ಕಳಸದ ಗೋವಿಂದಭಟ್ಟರು. ದೇವರಗುಡ್ಡದಲ್ಲಿ ಕಾರಣಿಕದ ದಿನ ಸಾವಿರಾರು ಜನ ಉಸಿರು ಬಿಗಿಹಿಡಿದು ಕಾಯೋದು ಕಂಬಳಿ ಹೊದ್ದ ಗೊರವಪ್ಪನ ಒಂದು ಮಾತಿಗೆ. ದೇವರ ಕೆಲಸಕ್ಕೆ ಇಂಥವರೇ ಬೇಕು ಅಂತ ಈ ಜಿಲ್ಲೆಯ ಜನ ಯಾವತ್ತೂ ಒಪ್ಪಿದವರಲ್ಲ. ಅಂಥ ಊರಿನಲ್ಲಿದ್ದುಕೊಂಡು ಹೊಲಿಗೆ ಮಾಡುವ ಅಕ್ಕ ವಾಚನ ಓದಿಸಿದರೆ ನಮಗೆ ಕಣ್ಣು ಕುಕ್ಕಿತು. ನಮ್ಮವರೇ, ನಮ್ಮ ಸಮಿತಿಯವರೇ ದೂರು ಹೇಳಿದ್ದು.

ಹೌದು, ಸಮಿತಿಯವರ ಬಗ್ಗೆಯೂ ಹೇಳಬೇಕು. ಈ ಬರಹ ಫಾದರುಗಳ ವಿರುದ್ಧ ಅಂತ ಯಾರಾದರೂ ತಿಳಿದರೆ ತಪ್ಪು. ನಾನು ಕಂಡ ಫಾದರುಗಳಲ್ಲಿ ಹೆಚ್ಚಿನವರು ಒಂಟಿಯಾಗಿ ಮೂರು ಜನರ ಕೆಲಸ ಮಾಡುವವರು. ಭಾನುವಾರ ಎರಡು ಊರಲ್ಲಿ ಪೂಜೆ, ನಡುವೆ ಆಸ್ಪತ್ರೆಗೆ ಭೇಟಿ, ಸೋಮವಾರದಿಂದ ಶಾಲೆಯ ಗೋಳು. ಅವರಿಗೂ ಭಯ ಇದೆ. ಒಬ್ಬ ಫಾದರ್ ನನಗೆ ನೇರವಾಗಿ ಅಂದಿದ್ದರು, "ನಾ ಒಂದು ಹುದ್ದೆ ಕೊಟ್ಟರ ಅದು ಮೂರು ತಲೆಮಾರು ಒಂದ ಮನೀಯೊಳಗ ಕೂಡತೈತಿ, ಆಮ್ಯಾಲೆ ಬಂದ ಫಾದರಿಗೆ ತಲಿನೋವು." ಸುಳ್ಳಲ್ಲ. ಒಂದೇ ಮನೆತನದವರು ಖಜಾಂಚಿ ಆಗೋದು, ಭಾಷೆಯ ಮೇಲೆ ಗುಂಪು, ಜಾತಿಯ ಮೇಲೆ ಗುಂಪು, ಹಬ್ಬದ ಲೆಕ್ಕ ಕೇಳಿದರೆ ಮುನಿಸು, ಇವೆಲ್ಲ ಇವೆ. ಗುರುಗಳ ದರ್ಬಾರು ಹೋಗಿ ನಾಲ್ಕು ಮನೆಯ ದರ್ಬಾರು ಬಂದರೆ ಲಾಭ ಏನು?

ಅದಕ್ಕೇ ಬರಹದಲ್ಲಿ ಬೇಕು, ಅವಧಿಯೂ ಬೇಕು ಅಂತ ನಾನು ಹೇಳೋದು. ನಮ್ಮ ಗ್ರಾಮ ಪಂಚಾಯಿತಿಗಳನ್ನೇ ನೋಡಿ. ಕರ್ನಾಟಕದಲ್ಲಿ 1987ರಲ್ಲೇ ಹೆಂಗಸರಿಗೆ ಕಾಲು ಭಾಗ ಮೀಸಲು ಇಟ್ಟು ಚುನಾವಣೆ ಮಾಡಿದರು. 2010ರಿಂದ ಅರ್ಧ ಭಾಗ. ಮೊದಮೊದಲು ಏನಾಯಿತು? ಅಧ್ಯಕ್ಷೆ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದರು, ಗಂಡ ಕಚೇರಿಯಲ್ಲಿ ಕುರ್ಚಿ ಮೇಲೆ. ಈಗಲೂ ಅಂಥವರಿದ್ದಾರೆ. ಆದರೆ ತಾವೇ ಕುರ್ಚಿಯಲ್ಲಿ ಕೂತು ಪಿಡಿಒಗೆ ಪ್ರಶ್ನೆ ಹಾಕುವವರೂ ಬಂದಿದ್ದಾರೆ. ಅದು ಯಾರ ದಯೆಯಿಂದಲೂ ಆಗಿದ್ದಲ್ಲ, ನಿಯಮ ಇತ್ತು, ಐದು ವರ್ಷದ ಅವಧಿ ಇತ್ತು, ಅದಕ್ಕೇ ಆಯಿತು. ನಮ್ಮ ಪಂಚಾಯಿತಿಯಲ್ಲಿ ಅಧ್ಯಕ್ಷೆಯಾಗಿ ಕೂಡಬಹುದಾದ ಹೆಣ್ಣುಮಗಳು ನಮ್ಮ ಧರ್ಮಕೇಂದ್ರಕ್ಕೆ ಬಂದರೆ ಹೂವಿನ ಅಲಂಕಾರಕ್ಕೆ, ಕಸ ಗುಡಿಸಲಿಕ್ಕೆ, ಹಬ್ಬದ ಊಟ ಬಡಿಸಲಿಕ್ಕೆ. ಇದು ನಮಗೆ ಸರಿ ಕಾಣುತ್ತದಾ?

ಮೇಲಿನವರು ಈ ಪ್ರಶ್ನೆ ಕೇಳಿಕೊಳ್ಳಲಿಕ್ಕೆ ಶುರು ಮಾಡಿದ್ದಾರೆ. 2021ರಲ್ಲಿ ಪೋಪ್ ಫ್ರಾನ್ಸಿಸ್ ಅವರು ಜಗತ್ತಿನ ಎಲ್ಲ ಧರ್ಮಕ್ಷೇತ್ರಗಳಲ್ಲೂ ಜನರ ಮಾತು ಕೇಳಿ ಅಂತ ಒಂದು ಪ್ರಕ್ರಿಯೆ ಶುರು ಮಾಡಿದರು. ಅದರ ಕೊನೆಯ ಸಭೆಗಳು 2023 ಮತ್ತು 2024ರ ಅಕ್ಟೋಬರ್‌ನಲ್ಲಿ ರೋಮಿನಲ್ಲಿ ನಡೆದವು. ಬಿಷಪ್ಪರ ಅಂಥ ಮಹಾಸಭೆಯಲ್ಲಿ ಹೆಂಗಸರಿಗೆ ಮತ ಹಾಕುವ ಹಕ್ಕು ಸಿಕ್ಕಿದ್ದು 2023ರಲ್ಲೇ ಮೊದಲು. 2024ರ ಕೊನೆಯ ದಾಖಲೆಯಲ್ಲಿ ಎರಡು ಮಾತುಗಳಿವೆ. ಪಾಲನಾ ಸಮಿತಿಯಂಥವು ಕಡ್ಡಾಯವಾಗಬೇಕು ಅನ್ನೋದು ಒಂದು. ಧರ್ಮಸಭೆಯಲ್ಲಿ ಹೆಂಗಸರು ನಾಯಕತ್ವದ ಹೊಣೆ ಹೊರಲಿಕ್ಕೆ ಅಡ್ಡಿ ಏನೂ ಇಲ್ಲ ಅನ್ನೋದು ಇನ್ನೊಂದು. ಹೆಂಗಸರು ಡೀಕನ್ ಆಗುವ ಪ್ರಶ್ನೆಯನ್ನು ಮಾತ್ರ ತೆರೆದಿಟ್ಟರು. ಪೋಪ್ ಫ್ರಾನ್ಸಿಸ್ ಆ ದಾಖಲೆಗೆ ಒಪ್ಪಿಗೆ ಕೊಟ್ಟರು, 2025ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಮೇ ತಿಂಗಳಲ್ಲಿ ಹದಿನಾಲ್ಕನೇ ಲಿಯೋ ಪೋಪ್ ಆದರು. ಪೋಪ್ ಬದಲಾದರೂ ಆ ದಾಖಲೆ ಹಾಗೇ ಇದೆ. ಬರಹದಲ್ಲಿದ್ದರೆ ಹೀಗೆ ಉಳೀತದೆ ನೋಡಿ.

ಒಂದು ಮಾತು ಸ್ಪಷ್ಟ ಮಾಡ್ತೀನಿ. ಗುರುಗಳ ಜಾಗಕ್ಕೆ ಯಾರನ್ನೂ ಕೂಡಿಸಬೇಕು ಅಂತ ನಾನು ಕೇಳ್ತಾ ಇಲ್ಲ. ಬಲಿಪೂಜೆ ಗುರುಗಳದ್ದು, ಪಾಪನಿವೇದನೆ ಗುರುಗಳದ್ದು. ಅದರಲ್ಲಿ ತಕರಾರಿಲ್ಲ. ಆದರೆ ಅದರ ಹೊರಗೆ ಎಷ್ಟಿದೆ! ಗುರು ಸಿಗದ ಭಾನುವಾರ ಜನ ಕೂಡಿ ವಾಚನದ ಪ್ರಾರ್ಥನೆ ಮಾಡಲಿ ಅಂತ ಸಂಹಿತೆಯೇ ಹೇಳುತ್ತೆ. ಜೀವ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು ಅಂತಲೂ ಹೇಳುತ್ತೆ. ನಮ್ಮ ನರ್ಸಮ್ಮ ಒಬ್ಬರು ರಾತ್ರಿ ಪಾಳಿಯಲ್ಲಿ, ತಾಯಿ ಕೇಳಿಕೊಂಡಿದ್ದಕ್ಕೆ, ಉಳಿಯದ ಕೂಸಿಗೆ ಒಂದು ಲೋಟ ನೀರಿನಿಂದ ಜ್ಞಾನಸ್ನಾನ ಕೊಟ್ಟಿದ್ದಾರೆ. ಅಂಥ ಗಂಭೀರ ಗಳಿಗೆಯಲ್ಲಿ ಧರ್ಮಸಭೆ ಅವರ ಕೈಯನ್ನು ನಂಬುತ್ತದೆ. ಭಾನುವಾರದ ಧರ್ಮೋಪದೇಶಕ್ಕೆ ನಾವು ನಂಬೋದಿಲ್ಲ ಅಂದರೆ ಏನರ್ಥ?

"ಇರೋದು ನಾಲ್ಕು ಮನಿ, ಅದಕ್ಕೆಂಥಾ ಸಮಿತಿ, ಅದಕ್ಕೆಂಥಾ ಕಾಗದಾ" ಅಂತ ನಗುವವರೂ ಇದ್ದಾರೆ. ನಾನು ಉಲ್ಟಾ ಹೇಳ್ತೀನಿ. ಬೆಂಗಳೂರಿನಲ್ಲೋ ಮಂಗಳೂರಿನಲ್ಲೋ ಒಬ್ಬ ಉಪದೇಶಿ ಬಿಟ್ಟರೆ ಇನ್ನು ಹತ್ತು ಜನ ಸಿಗ್ತಾರೆ. ಇಲ್ಲಿ ಒಬ್ಬ ಅಕ್ಕ ಮನಸ್ಸು ಮುರಿದು ಕೂತರೆ ಒಂದೂರಿನ ಪ್ರಾರ್ಥನೆಯೇ ನಿಂತುಹೋಗ್ತದೆ. ನಿಂತದ್ದನ್ನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ್ದು ಇಷ್ಟು.

ಮೊದಲನೆಯದು, ಯಾರಿಗೆ ಯಾವ ಸೇವೆ ಕೊಟ್ಟರೂ ಒಂದು ಕಾಗದ ಕೊಡಿ. ಏನು ಕೆಲಸ, ಎಷ್ಟು ವರ್ಷ ಅಂತ ಬರೆಯಿರಿ. ಮೂರು ವರ್ಷವೋ ಐದು ವರ್ಷವೋ ಇರಲಿ. ಅವಧಿ ಮುಗಿದ ಮೇಲೆ ಬೇರೆಯವರಿಗೆ ಅವಕಾಶ. ನಡುವೆ ಬಿಡಿಸಬೇಕಾದರೆ ಕರೆದು ಕೂಡಿಸಿ ಕಾರಣ ಹೇಳಿ.

ಎರಡನೆಯದು, ಫಾದರ್ ಬದಲಾಗುವಾಗ ಬೀಗದಕೈ, ಬ್ಯಾಂಕ್ ಪಾಸ್‌ಬುಕ್ ಒಪ್ಪಿಸುವ ಹಾಗೆ ಸೇವೆ ಮಾಡುವವರ ಪಟ್ಟಿಯನ್ನೂ ಒಪ್ಪಿಸಬೇಕು. ಯಾವ ಊರಲ್ಲಿ ಯಾರು ಏನು ಮಾಡ್ತಿದ್ದಾರೆ ಅಂತ. ಹೊಸಬರು ಮೊದಲ ತಿಂಗಳಲ್ಲಿ ಅವರ ಮನೆಗೆ ಹೋಗಿ ಒಂದು ಕಪ್ ಚಹಾ ಕುಡಿಯಲಿ.

ಮೂರನೆಯದು, ಸಮಿತಿಯಲ್ಲಿ ಅರ್ಧ ಹೆಂಗಸರು ಇರಲಿ, ದೂರದ ಊರಿನವರೂ ಇರಲಿ. ಬರೀ ದೇವಾಲಯದ ಪಕ್ಕದ ಓಣಿಯವರೇ ತುಂಬಿಕೊಂಡರೆ ಬಸ್ಸು ಹತ್ತಿ ಬರುವವರ ಕಷ್ಟ ಹೇಳುವವರು ಯಾರು? ಲೆಕ್ಕಪತ್ರ ವರ್ಷಕ್ಕೊಮ್ಮೆ ಬಾಗಿಲಿಗೆ ಅಂಟಿಸಿ.

ನಾಲ್ಕನೆಯದು, ಉಪದೇಶಿ ಮತ್ತು ವಾಚಕ ಸೇವೆಗಳ ತರಬೇತಿ ಕನ್ನಡದಲ್ಲಿ, ನಮ್ಮ ಭಾಗದಲ್ಲೇ, ಕೂಲಿ ತಪ್ಪದ ಹಾಗೆ ಭಾನುವಾರದ ಮಧ್ಯಾಹ್ನ ನಡೆಯಲಿ ಅಂತ ನಾವೇ ಬಿಷಪ್ಪರಿಗೆ ಮನವಿ ಕೊಡೋಣ. ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು ದೂರದ ಊರಲ್ಲಿ ಒಂದು ವಾರ ಶಿಬಿರ ಮಾಡಿದರೆ ಹೊಲಿಗೆ ಅಕ್ಕ ಬರಲಿಕ್ಕಾಗೋದಿಲ್ಲ. ರಜೆ ಇರುವ ನನ್ನಂಥವರು ಮಾತ್ರ ಸರ್ಟಿಫಿಕೇಟ್ ತಗೊಂಡು ಬರ್ತೀವಿ.

ಇದನ್ನೆಲ್ಲ ಬರೆದು ಇಲ್ಲಿಗೆ ನಿಲ್ಲಿಸಿದ್ದರೆ ನಾನು ಮತ್ತೆ ಅದೇ ಕಾರ್ಯದರ್ಶಿಯೇ ಆಗ್ತಿದ್ದೆ. ಅದಕ್ಕೇ ಹೋದ ಗುರುವಾರ ಧೈರ್ಯ ಮಾಡಿ ಹೊಸ ಫಾದರ್ ಹತ್ತಿರ ಹೋದೆ. ಹಳೆಯ ನಡಾವಳಿ ಪುಸ್ತಕ ಒಯ್ದಿದ್ದೆ. ನಾನು ಬರೆದ ಆ ಒಂದು ಸಾಲು ತೋರಿಸಿದೆ, ಅದರ ಹಿಂದೆ ಏನಿತ್ತು ಅಂತ ಹೇಳಿದೆ. ಅವರು ಸುಮ್ಮನೆ ಕೇಳಿದರು. "ಒಂದು ಅರ್ಜಿ ಬರಕೊಡ್ರಿ, ಮುಂದಿನ ಸಭಾದಾಗ ಇಡೂಣು" ಅಂದರು. ಆಗಲಿ ಅಂದೆ. ಅರ್ಜಿಯಲ್ಲಿ ನಾಲ್ಕೂ ವಿಷಯ ಬರೆದಿದ್ದೇನೆ. ಸಹಿಗೆ ಮನೆಮನೆಗೆ ಹೋಗ್ತಾ ಇದ್ದೇನೆ. ಕೆಲವರು ಹಾಕಿದರು, ಕೆಲವರು "ಫಾದರ್ ಏನಂತಾರ ನೋಡೂಣು" ಅಂದರು!

ಆ ಅಕ್ಕನ ಮನೆಗೂ ಹೋದೆ. ಪಡಸಾಲೆಯಲ್ಲಿ ಈಗ ಯೂನಿಫಾರ್ಮ್‌ಗಳ ರಾಶಿ. ಹಿಂದೆ ಮಕ್ಕಳು ಕೂಡುತ್ತಿದ್ದ ಚಾಪೆ ಸುತ್ತಿ ಮೂಲೆಗೆ ನಿಲ್ಲಿಸಿದ್ದರು. ತಪ್ಪಾಯಿತು ಅಕ್ಕಾರ, ಅವತ್ತು ನಾ ಬಾಯಿ ಬಿಡಲಿಲ್ಲ ಅಂದೆ. ಅವರು ಯಂತ್ರ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, "ನೀವರ ಏನ್ ಮಾಡ್ತಿದ್ರಿ ಬಿಡ್ರಿ ಅಣ್ಣಾರ" ಅಂದರು. ಅರ್ಜಿ ಮುಂದಿಟ್ಟೆ. ಓದಿದರು. ಎಲ್ಲ ಓದಿದರು. ಸಹಿ ಹಾಕಿದರು.

"ಹಂಗಾರ ಮತ್ತ ಶುರು ಮಾಡ್ತೀರಿ?" ಅಂತ ಕೇಳಿದೆ.

"ಕಾಗದಾ ಬರ್ಲಿ, ಆಮ್ಯಾಲೆ ನೋಡೂಣು" ಅಂದರು.

ಮುಂದಿನ ಸಭೆ ಇದೇ ತಿಂಗಳ ಕೊನೆಯ ಭಾನುವಾರ. ಏನಾಯಿತು ಅಂತ ಇಲ್ಲೇ ಬರೀತೀನಿ. ನಿಮ್ಮ ಊರಿನ ಗುಡಿ, ಮಸೀದಿ, ಮಠ, ಬಸದಿಗಳಲ್ಲಿ ಇಂಥ ಕೆಲಸ ಮಾಡುವವರಿಗೆ ಏನು ವ್ಯವಸ್ಥೆ ಇದೆ? ತಿಳಿದವರು ಹೇಳಿದರೆ ನನ್ನ ಅರ್ಜಿಗೂ ಉಪಯೋಗವಾದೀತು.